ಮೊಣಕಾಲುದ್ದದ ನೀರು

ನಮ್ಮ ಕಡೆ ಹೊಳೆ ಅಂದರೆ ಮರಳು. ಪಾಲಾರ್ ಎಂಬ ಹೆಸರನ್ನು ನಾನು ಮೊದಲು ನೋಡಿದ್ದು ಶಾಲೆಯ ಗೋಡೆಗೆ ತೂಗುಹಾಕಿದ್ದ ಭೂಪಟದಲ್ಲಿ, ನೀಲಿ ಗೆರೆಯಾಗಿ. ಆಮೇಲೆ ಕಣ್ಣಾರೆ ನೋಡಿದಾಗ ಅಲ್ಲಿ ಇದ್ದದ್ದು ಬಳ್ಳಾರಿ ಜಾಲಿಯ ಪೊದೆ, ಲಾರಿ ಚಕ್ರದ ಗುರುತು ಮತ್ತು ಯಾರೋ ಧೈರ್ಯ ಮಾಡಿ ಹಾಕಿದ್ದ ಟೊಮ್ಯಾಟೊ ತೋಟ. ಹೊಳೆಯ ಮಧ್ಯದಲ್ಲೇ ನಿಂತುಕೊಂಡು "ಹೊಳೆ ಎಲ್ಲಿ?" ಎಂದು ಕೇಳಿದವಳು ನಾನು. ಇಂಥ ಊರಿನವಳು ಐವತ್ತರ ಹತ್ತಿರ ಬಂದಮೇಲೆ ದೋಣಿ ಕೊಂಡುಕೊಂಡಳು ಅಂದರೆ ಜನ ನಗದೆ ಇನ್ನೇನು ಮಾಡುತ್ತಾರೆ? ನಕ್ಕರು. ನನಗೆ ನಗುವವರನ್ನು ಕಂಡರೆ ಆಗುವುದಿಲ್ಲ, ಅದು ಹುಟ್ಟುಗುಣ.

ನಾನು ಶ್ರೀನಿವಾಸಪುರದ ಕಡೆಯವಳು. ಸರ್ಕಾರಿ ಪ್ರೌಢಶಾಲೆಯಲ್ಲಿ ಆಟ ಹೇಳಿಕೊಡುವ ಕೆಲಸ. ಮಕ್ಕಳ ಬಾಯಲ್ಲಿ ಪಿ.ಟಿ. ಮೇಡಂ. ಮದುವೆಯಾಗಲಿಲ್ಲ. ನನಗಿಂತ ಹನ್ನೆರಡು ವರ್ಷ ದೊಡ್ಡವಳಾದ ಅಕ್ಕನ ಜೊತೆ ಇದ್ದೇನೆ. ಭಾವ ತೀರಿಕೊಂಡ ಮೇಲೆ ಅವಳು ತವರಿಗೆ ಬಂದು, ಇದ್ದ ಜಮೀನಿಗೆ ಹಿಪ್ಪುನೇರಳೆ ಹಾಕಿ ರೇಷ್ಮೆ ಹುಳು ಸಾಕತೊಡಗಿದಳು. ಅಂದಿನಿಂದ ಮನೆಯಲ್ಲಿ ಅವಳ ಮಾತೇ ಕಾನೂನು. ಶಾಲೆಯಲ್ಲಿ ಮುನ್ನೂರು ಮಕ್ಕಳನ್ನು ಒಂದೇ ಸೀಟಿಗೆ ಸಾಲಾಗಿ ನಿಲ್ಲಿಸುವ ನಾನು, ಮನೆಯಲ್ಲಿ ಚಪ್ಪಲಿ ಎಲ್ಲಿ ಬಿಡಬೇಕು ಅನ್ನುವುದಕ್ಕೂ ಅವಳ ಮುಖ ನೋಡಬೇಕು. ಹುಳುವಿಗೆ ಹೊರಗಿನ ಧೂಳು ಆಗುವುದಿಲ್ಲವಂತೆ. ನನಗಿಂತ ಹುಳುವೇ ಮೇಲು ಎಂದು ಎಷ್ಟೋ ಸಲ ಜಗಳವಾಡಿದ್ದೇನೆ.

ದೋಣಿಯ ಹುಚ್ಚು ಹತ್ತಿದ್ದು ಒಂದು ಬೇಸಿಗೆ ರಜೆಯಲ್ಲಿ. ದೈಹಿಕ ಶಿಕ್ಷಕರಿಗೆಂದು ದಾಂಡೇಲಿಯಲ್ಲಿ ಹತ್ತು ದಿನದ ಸಾಹಸ ತರಬೇತಿ ಇತ್ತು. ಹೋಗಲು ಯಾರೂ ಮುಂದೆ ಬರಲಿಲ್ಲ ಎಂದು ನನ್ನ ಹೆಸರು ಬರೆದರು. ಅಲ್ಲಿ ಕಾಳಿ ಹೊಳೆ ನೋಡಿದೆ. ಇಷ್ಟು ನೀರು ಇಟ್ಟುಕೊಂಡು ಈ ಜನ ಏನೂ ಆಗದವರ ಹಾಗೆ ಓಡಾಡುತ್ತಾರಲ್ಲ ಎಂದು ಹೊಟ್ಟೆ ಉರಿಯಿತು. ಅಲ್ಲಿಯೇ ಪ್ಯಾಕ್‌ರಾಫ್ಟ್ ಅನ್ನುವ ವಸ್ತುವನ್ನೂ ಕಂಡೆ. ಗಾಳಿ ತುಂಬಿಸುವ ಒಬ್ಬರ ದೋಣಿ, ಮೂರು ಕಿಲೋ ತೂಕ. ಗಾಳಿ ಬಿಟ್ಟು ಸುತ್ತಿದರೆ ಚಾಪೆಯ ಸುರುಳಿಯಷ್ಟು. ಬೆನ್ನಿಗೆ ಹಾಕಿಕೊಂಡು ಬೆಟ್ಟ ಹತ್ತಬಹುದು, ಇಳಿದು ನೀರು ಸಿಕ್ಕಿದರೆ ಉಬ್ಬಿಸಿ ಕೂರಬಹುದು. ಯಾರನ್ನೂ ಕೇಳಬೇಕಾಗಿಲ್ಲ. ನನಗೆ ಹಿಡಿಸಿದ್ದು ಈ ಕೊನೆಯದು.

ತರಬೇತಿ ಕೊಟ್ಟವರು ಒಂದು ಮಾತನ್ನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು: "ಹರಿಯೋ ನೀರಿಗೆ ಬಿದ್ದರೆ ಎದ್ದು ನಿಲ್ಲಬೇಡಿ. ಅಂಗಾತ ಮಲಗಿ, ಕಾಲು ಮೇಲೆ ಮಾಡಿ, ತೇಲಿಕೊಂಡು ದಡ ಸೇರಿ." ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದೆ. ಕಾಳಿಯಲ್ಲಿ ಅದನ್ನು ಪಾಲಿಸುವುದು ಕಷ್ಟವೇ ಅಲ್ಲ, ನಿಲ್ಲಬೇಕೆಂದರೂ ನೆಲ ಸಿಗುವುದಿಲ್ಲ. ಆದರೆ ನನ್ನ ಮೈಗೆ ಈಜು ಬಂದದ್ದು ಬಾವಿಯಲ್ಲಿ. ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ಮೇಲಿನಿಂದ ನೂಕುತ್ತಿದ್ದರು. ಬಾವಿಯ ನೀರು ಎಲ್ಲಿಗೂ ಹೋಗುವುದಿಲ್ಲ. ಕೈಬಡಿದು ಮೆಟ್ಟಿಲ ಹತ್ತಿರ ಬಂದೆವೋ, ಕಾಲೂರಿ ನಿಂತೆವೋ, ಬದುಕಿದೆವು ಅಂತಲೇ ಲೆಕ್ಕ. ಕಾಲು ಊರುವುದೇ ಕ್ಷೇಮ ಎಂದು ನಮ್ಮ ಜಿಲ್ಲೆಯ ಪ್ರತಿಯೊಬ್ಬರ ಮೈಗೂ ಗೊತ್ತು. ನೋಟ್‌ಬುಕ್ಕಿನ ಎರಡು ಗೆರೆ ಮೈಗೆ ಇಳಿದಿರಲಿಲ್ಲ ಎನ್ನುವುದು ಆಮೇಲೆ ತಿಳಿಯಿತು.

ಆ ವರ್ಷ ಮಳೆ ಹಿಡಿದುಕೊಂಡಿತು. ಕೋಲಾರದ ಸುತ್ತಿನ ಕೆರೆಗಳು ಒಂದೊಂದಾಗಿ ತುಂಬಿ ಕೋಡಿ ಬಿದ್ದವು, ಅಂದರೆ ತುಂಬಿದ ನೀರು ಕಟ್ಟೆಯ ತುದಿಯ ಕಲ್ಲುಹಾಸಿನ ಮೇಲೆ ಹರಿದು ಕೆಳಗಿನ ಕೆರೆಗೆ ಹೊರಟಿತು. ಕೋಡಿ ನೋಡುವುದಕ್ಕೆ ಜನ ಮದುವೆಗೆ ಹೊರಟ ಹಾಗೆ ಹೊರಟರು. ಮಾಲೂರಿನಿಂದ, ವೇಮಗಲ್ಲಿನಿಂದ, ಫ್ಯಾಕ್ಟರಿಗೆ ಶಿಫ್ಟ್ ಮುಗಿಸಿದವರು ಹಾಗೇ ಯೂನಿಫಾರಂನಲ್ಲಿ ಬಂದು ನಿಂತು ಫೋನಿನಲ್ಲಿ ತೆಗೆದುಕೊಳ್ಳುತ್ತಿದ್ದರು. ಹೆಂಗಸರು ಮೊರದಲ್ಲಿ ಬಳೆ, ಅರಿಶಿನ, ಕುಂಕುಮ ಇಟ್ಟು ಕೆರೆಗೆ ಬಾಗಿನ ಕೊಟ್ಟರು. ಪಾಲಾರ್ ಹರಿಯುತ್ತಿದೆ ಎಂದು ಸುದ್ದಿ ಬಂತು. ದಸರಾ ರಜೆ ಇತ್ತು, ದೋಣಿ ಅಟ್ಟದ ಮೇಲಿತ್ತು. ಇನ್ನು ನಾನು ಮನೆಯಲ್ಲಿ ಹೇಗೆ ಕೂರಲಿ?

ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದ ಅಕ್ಕನಿಗೆ ಬಾಗಿಲ ಹೊರಗೆ ನಿಂತೇ ಹೇಳಿದೆ. ಮುಳಬಾಗಿಲಿನವರೆಗೆ ಬಸ್ಸು, ಅಲ್ಲಿಂದ ಬೆಟ್ಟ ದಾಟಿ ಕೆರೆಗಳ ಸಾಲು ಹಿಡಿದು ಕೆಳಗೆ, ಪಾಲಾರ್ ಸಿಕ್ಕಮೇಲೆ ದೋಣಿಯಲ್ಲಿ ಆಂಧ್ರದ ಗಡಿಯವರೆಗೆ. ಮೂರು ದಿನ.

"ಒಬ್ಬಳೇನಾ?"

"ಒಬ್ಬಳೇ."

"ಏನೇ, ಮೂರು ದಿನ ಒಬ್ಬಳೇ ಕಾಡು ಮೇಡು ಅಲೆಯೋಕೆ ನಿನಗೇನು ಬಂದಿದೆ ದೊಡ್ಡರೋಗ?"

ಮಾತಿಗೆ ಮಾತು ಬೆಳೆಯಿತು. ಹುಳು ಆಗಷ್ಟೇ ನಾಲ್ಕನೇ ಜ್ವರದಿಂದ ಎದ್ದಿತ್ತು. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೆಯದು ಮುಗಿದರೆ ಅದಕ್ಕೆ ರಾಕ್ಷಸ ಹಸಿವು, ಮೂರು ಹೊತ್ತೂ ಸೊಪ್ಪು ಬೇಕು. ಹಾಗಾಗಿ ಅಕ್ಕ ನನ್ನ ಹಿಂದೆ ಬರುವ ಹಾಗೂ ಇರಲಿಲ್ಲ, ತಡೆಯಲು ಪುರುಸೊತ್ತೂ ಇರಲಿಲ್ಲ. ಕೊನೆಗೆ ಸೊಪ್ಪಿನ ಕಂತೆಯನ್ನು ದೊಪ್ಪನೆ ಹಾಕಿ ಹೇಳಿದಳು:

"ಸರಿ, ಹೋಗು. ಒಬ್ಬಳೇ ಹೋಗಿ ಒಬ್ಬಳೇ ಬಂದ್ರೆ ಇನ್ಮೇಲೆ ನಾನು ಬಾಯಿ ತೆಗೆಯಲ್ಲ. ಎಲ್ಲಾದ್ರೂ ಸಿಕ್ಕಾಕ್ಕೊಂಡು, ಯಾರಾದ್ರೂ ಬನ್ರಪ್ಪಾ ಅಂತ ಕೂಗಿದ್ಯೋ, ಅವತ್ತಿಗೆ ಆ ರಬ್ಬರ್ ದೋಣಿ ಈ ಮನೆಯಿಂದ ಆಚೆ. ಆಮೇಲೆ ನೀನೂ ಬೇರೆ ಹೆಂಗಸರ ಹಾಗೆ ಸುಮ್ನೆ ಮನೇಲಿರಬೇಕು. ಒಪ್ಪಿಗೇನಾ?"

"ಒಪ್ಪಿಗೆ. ನಾನ್ಯಾಕೆ ಕೂಗ್ಲಿ?"

ಮಾತು ಅಂದರೆ ನಮ್ಮ ಮನೆಯಲ್ಲಿ ಮಾತೇ. ಅಪ್ಪ ಬಿಟ್ಟುಹೋದ ದೊಡ್ಡ ಆಸ್ತಿ ಅದೇ ಎಂದು ಅಕ್ಕ ಹೇಳುತ್ತಿರುತ್ತಾಳೆ. ನನಗೆ ಆ ದೋಣಿ ಬರೀ ದೋಣಿಯಾಗಿರಲಿಲ್ಲ. ಅದರಲ್ಲಿ ಕೂತಾಗ ಮಾತ್ರ ನನಗೆ ಹೀಗೆ ಮಾಡು, ಹಾಗೆ ಮಾಡು ಎನ್ನುವವರು ಯಾರೂ ಇರುತ್ತಿರಲಿಲ್ಲ. ಅದನ್ನು ಕಳೆದುಕೊಳ್ಳುವುದನ್ನು ನೆನೆಸಿಕೊಂಡರೂ ನನಗೆ ಭಯವಾಗುತ್ತಿತ್ತು.

ಮೊದಲ ದಿನ ಬರೀ ನಡಿಗೆ ಎನ್ನಬಹುದು. ಮುಳಬಾಗಿಲಿನ ಬಸ್‌ಸ್ಟ್ಯಾಂಡಿನಲ್ಲಿ ಇಡ್ಲಿ ತಿಂದು ಹೆದ್ದಾರಿ ದಾಟಿ ಬಂಡೆಗುಡ್ಡದ ಕಡೆ ತಿರುಗಿದೆ. ಬೆನ್ನಿಗೆ ದೋಣಿ, ಟೆಂಟು, ಅವಲಕ್ಕಿ, ಹುರಿಗಡಲೆ, ಚಟ್ನಿಪುಡಿ. ನಾಲ್ಕು ತುಂಡಾಗಿ ಬಿಚ್ಚುವ ಹುಟ್ಟು. ದೂರದಿಂದ ನೋಡಿದವರು ಪಾತ್ರೆ ಮಾರುವವಳು ಅಂದುಕೊಂಡಿರಬೇಕು, ಒಬ್ಬಾಕೆ ಕರೆದು "ಏಮಮ್ಮಾ, ಏನು ತಂದಿದೀಯಾ?" ಎಂದು ಕೇಳಿದಳು. ಗುಡ್ಡದ ತುಂಬ ಕಾಡುಸೀತಾಫಲದ ಗಿಡ. ಹಣ್ಣು ಒಡೆದು ಗಿಡದಲ್ಲೇ ಕೊಳೆಯುತ್ತಿದ್ದವು, ಕೀಳುವವರಿಲ್ಲ. ಹೊಟ್ಟೆ ತುಂಬ ತಿಂದೆ. ಬಂಡೆಯ ಮೇಲೆ ಹತ್ತಿ ನಿಂತು ಕೆಳಗೆ ಒಂದರ ಹಿಂದೆ ಒಂದು ಏಳು ಕೆರೆ ಎಣಿಸಿದೆ. ಯಾವನೋ ಹಳಬ ಪುಣ್ಯಾತ್ಮ ಹೀಗೆ ಒಂದರಿಂದ ಒಂದಕ್ಕೆ ನೀರು ಇಳಿಯುವ ಹಾಗೆ ಕಟ್ಟಿಸಿದ್ದಾನೆ. ಅಷ್ಟು ವರ್ಷ ನಾವು ಅವುಗಳಲ್ಲಿ ಕ್ರಿಕೆಟ್ ಆಡಿದ್ದೆವು.

ಸಂಜೆಯ ಹೊತ್ತಿಗೆ ಎರಡು ಕೆರೆಗಳನ್ನು ದೋಣಿಯಲ್ಲಿ ದಾಟಿದೆ. ಕಟ್ಟೆಯ ಮೇಲೆ ನಿಂತ ಜನ ಶಿಳ್ಳೆ ಹೊಡೆದರು. ಕೆರೆಯಿಂದ ಕೆರೆಗೆ ಹೋಗುವ ಕಾಲುವೆಯಲ್ಲಿ ದೋಣಿ ಬಿಡಲು ಆಗಲಿಲ್ಲ. ಇಷ್ಟು ವರ್ಷ ನೀರು ಬಾರದ್ದರಿಂದ ಅಡ್ಡಡ್ಡ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆದಿದ್ದರು. ನೀರಿನೊಳಗೆ ಮುಳ್ಳುತಂತಿ ಇದ್ದರೆ ಅದಕ್ಕಿಂತ ದೊಡ್ಡ ಶತ್ರು ಬೇರೆ ಇಲ್ಲ. ಹಾಗಾಗಿ ಒಂದು ನಿಯಮ ಮಾಡಿಕೊಂಡೆ: ದಡದಲ್ಲಿ ನಡೆದು ಕಣ್ಣಾರೆ ನೋಡದ ನೀರಿಗೆ ದೋಣಿ ಇಳಿಸುವುದಿಲ್ಲ. ಈ ನಿಯಮವನ್ನು ಕೊನೆಯವರೆಗೂ ಪಾಲಿಸಿದೆ. ಮೂರ್ಖತನ ಬೇರೆ ಕಡೆಯಿಂದ ಬಂತು.

ಎರಡನೇ ದಿನ ಮಧ್ಯಾಹ್ನದ ಮುಂಚೆ ಪಾಲಾರ್ ಸಿಕ್ಕಿತು. ಕಾಫಿಯ ಬಣ್ಣದ ನೀರು, ಅಂಚಿನಲ್ಲಿ ನೊರೆ. ಹಿಂದಿನ ರಾತ್ರಿ ಕೋಲಾರದ ಕಡೆ ಜೋರು ಮಳೆಯಾಗಿತ್ತಂತೆ, ಹೊಳೆಯ ದಡದಲ್ಲಿ ಕುರಿ ಮೇಯಿಸುತ್ತಿದ್ದವರು ಹೇಳಿದರು. ಮಳೆ ಮೇಲಿನದು, ನಾನು ಕೆಳಗಿರುವವಳು, ನನಗೇನು ಎಂದುಕೊಂಡೆ. ಕೆರೆಯಿಂದ ಕೆರೆಗೆ ತುಂಬಿ ಇಳಿದು ಆ ನೀರು ಕೆಳಗೆ ಬರಲು ಅರ್ಧ ದಿನ ಬೇಕು ಎನ್ನುವುದು ಹೊಳೆ ಇರುವ ಊರಿನ ಮಕ್ಕಳಿಗೂ ಗೊತ್ತಿರುತ್ತದೆ. ನಮಗೆ ಯಾರು ಹೇಳಬೇಕು?

ಒಂದು ಗಂಟೆ ಸಲೀಸಾಗಿ ಹೋದೆ. ಆಮೇಲೆ ಎರಡು ಗುಡ್ಡಗಳ ನಡುವೆ ಹೊಳೆ ಇಕ್ಕಟ್ಟಾಗಿ ಬಂಡೆಯ ಮೆಟ್ಟಿಲುಗಳ ಮೇಲೆ ಇಳಿಯುವ ಜಾಗ ಬಂತು. ನಾಲ್ಕು ಇಳಿತ. ಇಳಿದು ನಡೆದು ನೋಡಿದೆ. ತಂತಿ ಇಲ್ಲ, ಮರ ಬಿದ್ದಿಲ್ಲ. ಮೊದಲನೆಯದು ನನ್ನೆತ್ತರ, ಎರಡನೆಯದೂ ಮೂರನೆಯದೂ ಅದಕ್ಕಿಂತ ಕಡಿಮೆ, ನಾಲ್ಕನೆಯದು ಲೆಕ್ಕಕ್ಕೇ ಇಲ್ಲ. ಹೆಲ್ಮೆಟ್ಟಿನ ಪಟ್ಟಿ ಬಿಗಿದು ಹೊರಟೆ. ಮೊದಲ ಇಳಿತದಲ್ಲಿ ದೋಣಿಯ ಮೂತಿ ನೀರೊಳಗೆ ಹೋಗಿ ಮೇಲೆದ್ದು ಬಂತು, ಮುಖದ ತುಂಬ ಕೆಸರುನೀರು. ಎರಡನೆಯದರಲ್ಲಿ ಬಂಡೆಗೆ ಒರೆಸಿಕೊಂಡು ಗರ್ರನೆ ತಿರುಗಿ ಹಿಂದುಮುಂದಾಗಿ ಇಳಿದೆ. ಮೂರನೆಯದನ್ನು ದಾಂಡೇಲಿಯಲ್ಲಿ ಕಲಿಸಿದ ಹಾಗೆಯೇ ಇಳಿದೆ, ಅಚ್ಚುಕಟ್ಟಾಗಿ. ನಾನು ಕಿರುಚಿದೆ. ಸಂತೋಷಕ್ಕೆ. ಕೋಲಾರ ಜಿಲ್ಲೆಯಲ್ಲಿ, ನನ್ನ ಜಿಲ್ಲೆಯಲ್ಲಿ, ಬೆಳ್ಳಗೆ ನೊರೆ ಎದ್ದ ನೀರಿನ ಮೇಲೆ ನಾನೊಬ್ಬಳೇ ಇದ್ದೆ. ಅಷ್ಟು ಸಂತೋಷ ನನಗೆ ಅದಕ್ಕೆ ಮುಂಚೆ ಯಾವತ್ತೂ ಆಗಿರಲಿಲ್ಲ.

ಆ ಸಂತೋಷದಲ್ಲೇ ನಾಲ್ಕನೆಯದಕ್ಕೆ ಹುಟ್ಟು ಹಾಕಲಿಲ್ಲ. ದೋಣಿ ಅಡ್ಡ ತಿರುಗಿ ಬಂಡೆಗೆ ತಾಗಿ ನಿಧಾನವಾಗಿ ಮಗುಚಿತು. ನಾನು ನೀರಿನಲ್ಲಿದ್ದೆ, ಹುಟ್ಟು ಕೈಯಲ್ಲಿತ್ತು, ದೋಣಿ ನನ್ನ ಚೀಲ ಮತ್ತು ಫೋನಿನ ಸಮೇತ ಮುಂದೆ ಹೋಗುತ್ತಿತ್ತು. ಮೊಣಕಾಲು ನೆಲಕ್ಕೆ ತಗುಲಿತು. ಮೊಣಕಾಲುದ್ದದ ನೀರು! ಅಷ್ಟರಲ್ಲಿ ದಡದಲ್ಲಿ ಇಬ್ಬರು ಹೆಂಗಸರು ಕಂಡರು. ಹೊಳೆಯ ಪಾತ್ರದಲ್ಲಿ ಹಾಕಿದ್ದ ಟೊಮ್ಯಾಟೊ ತೋಟ ಮುಳುಗಿತ್ತು, ಅವರು ಕೆಸರಿನಿಂದ ಡ್ರಿಪ್ ಪೈಪು ಎಳೆದೆಳೆದು ಸುತ್ತುತ್ತಿದ್ದರು. ಅವರು ನೋಡುತ್ತಿರುವಾಗ, ಈ ವಯಸ್ಸಿನಲ್ಲಿ, ಮೊಣಕಾಲುದ್ದದ ನೀರಿನಲ್ಲಿ ಅಂಗಾತ ಮಲಗಿ ಕಾಲೆತ್ತಿಕೊಂಡು ತೇಲುವುದೇ? ಅದು ಎಮ್ಮೆ ಮಾಡುವ ಕೆಲಸ. ನಾನು ಎದ್ದು ನಿಂತೆ.

ನಿಂತ ಮರುಕ್ಷಣವೇ ಬಲಗಾಲು ಎರಡು ಕಲ್ಲುಗಳ ಸಂದಿಗೆ ಇಳಿಯಿತು. ಹಿಂದಿನಿಂದ ನೀರು ತಳ್ಳಿ ಪಾದವನ್ನು ಇನ್ನೂ ಒಳಕ್ಕೆ ಬಿಗಿಯಿತು. ಎಳೆದುಕೊಂಡೆ, ಬರಲಿಲ್ಲ. ಬಗ್ಗಿ ಶೂವಿನ ದಾರ ಬಿಚ್ಚೋಣವೆಂದರೆ ಬಗ್ಗಿದ ತಕ್ಷಣ ನೀರು ಬೆನ್ನಿಗೆ ಬಡಿದು ಮುಖ ಮುಂದಕ್ಕೆ ಮುಗ್ಗರಿಸುತ್ತದೆ. ಹುಟ್ಟನ್ನು ಮುಂದೆ ಊರಿಕೊಂಡು ಅದರ ಮೇಲೆ ಭಾರ ಬಿಟ್ಟು ನಿಂತೆ. ಆಗ ಅರ್ಥವಾಯಿತು, ಆ ಎರಡು ಗೆರೆ ಎಳೆದ ಮಾತು ಯಾಕೆಂದು. ಮುಳುಗುವುದಕ್ಕೆ ಆಳ ಬೇಕಾಗಿಲ್ಲ. ಕಾಲು ಸಿಕ್ಕಿ ಒಂದು ಸಲ ಬೋರಲು ಬಿದ್ದರೆ ಮೊಣಕಾಲುದ್ದದ ನೀರೇ ಸಾಕು.

ದಡದಿಂದ ಆ ಹೆಂಗಸರಲ್ಲಿ ಹಿರಿಯಾಕೆ ಕೈ ಹಣೆಗೆ ಇಟ್ಟು ನೋಡಿ ಕೂಗಿದಳು: "ಏನಮ್ಮಾ? ಏನಾದ್ರೂ ಬೇಕಾ?"

ಇಲ್ಲಿ ನಾನು ಹೇಳಿದ್ದನ್ನು ಈಗಲೂ ಜ್ಞಾಪಿಸಿಕೊಂಡರೆ ನನ್ನನ್ನೇ ಹೊಡೆದುಕೊಳ್ಳುವ ಹಾಗಾಗುತ್ತದೆ. ಒಂದು ಕೈ ಎತ್ತಿ ಬೀಸಿ, ನಗುತ್ತಾ, ಹೇಳಿದೆ: "ಏನಿಲ್ಲಮ್ಮಾ! ಸುಮ್ನೆ ನಿಂತಿದೀನಿ!"

ಅಕ್ಕನ ಮುಖ ಕಣ್ಣ ಮುಂದಿತ್ತು. ಕೂಗಿದರೆ ದೋಣಿ ಹೋಯಿತು. ಇನ್ನೊಂದು ಸಲ ಎಳೆದರೆ ಬರಬಹುದು, ಹೀಗೆ ತಿರುಗಿಸಿದರೆ ಬರಬಹುದು ಅನ್ನಿಸಿತು. ಆ ಹೆಂಗಸರು ಪಟ್ಟಣದವರ ಹುಚ್ಚಾಟ ಅಂದುಕೊಂಡಿರಬೇಕು. ಸುತ್ತಿದ ಪೈಪುಗಳನ್ನು ತಲೆಯ ಮೇಲೆ ಇಟ್ಟುಕೊಂಡು ಹುಣಸೆಮರಗಳ ಆಚೆ ಹೋದರು.

ನಾನು ಎಳೆದೆ, ತಿರುಗಿಸಿದೆ, ಪಾದವನ್ನು ಚೂಪು ಮಾಡಿದೆ. ಮುಂದಿನ ಬಂಡೆಯ ಮೇಲೆ ಒಂದು ಬಿಳಿಯ ಪಟ್ಟೆ ಇತ್ತು, ನೀರು ಅದರ ಕೆಳಗಿತ್ತು. ಸ್ವಲ್ಪ ಹೊತ್ತಿನ ನಂತರ ನೋಡಿದರೆ ಪಟ್ಟೆ ಕಾಣಲಿಲ್ಲ. ನೀರು ತೊಡೆಗೆ ಬಂದಿತ್ತು. ಒಂದು ಟೊಮ್ಯಾಟೊ ತೇಲಿಕೊಂಡು ಬಂದು ನನ್ನ ತೊಡೆಗೆ ತಾಗಿ ಮುಂದೆ ಹೋಯಿತು, ಆಮೇಲೆ ಇನ್ನೊಂದು, ಆಮೇಲೆ ಹತ್ತಿಪ್ಪತ್ತು. ಮೇಲೆ ಇನ್ಯಾರದೋ ತೋಟ ಮುಳುಗುತ್ತಿದೆ, ಕೋಲಾರದ ರಾತ್ರಿಯ ಮಳೆ ಈಗ ಬರುತ್ತಿದೆ ಎಂದು ಗೊತ್ತಾಯಿತು. ಆಗಲೂ ನಾನು ಕೂಗಲಿಲ್ಲ. ಅರ್ಧ ಗಂಟೆಯಾದರೂ ಆಗಿರಬೇಕು. ನೀರು ಸೊಂಟಕ್ಕೆ ಬಂದು, ಎಡಗಾಲು ನಡುಗತೊಡಗಿ, ಹುಟ್ಟು ಒಂದು ಸಲ ಜಾರಿ ಮುಖ ನೀರಿಗೆ ಹೋಗಿ ಬಂದ ಮೇಲೆ ಲೈಫ್ ಜಾಕೆಟ್ಟಿಗೆ ಕಟ್ಟಿದ್ದ ಸೀಟಿಯನ್ನು ಬಾಯಿಗಿಟ್ಟೆ. ದೋಣಿ ಹಾಳಾಗಿ ಹೋಗಲಿ, ನನಗೆ ಬದುಕಬೇಕಿತ್ತು.

ಮೂರು ಮೂರು ಸಲ ಊದಿದೆ. ಯಾರೂ ಬರಲಿಲ್ಲ. ಹುಣಸೆಮರದ ಆಚೆಯಿಂದ ಅವರ ಮಾತು ಕೇಳುತ್ತಿದೆ, ನಗು ಕೇಳುತ್ತಿದೆ, ಯಾರೂ ಬರುತ್ತಿಲ್ಲ. ನಮ್ಮ ಹೊಲಗಳಲ್ಲಿ ದಿನವಿಡೀ ಯಾರಾದರೊಬ್ಬರು ನವಿಲು ಓಡಿಸಲು ಸೀಟಿ ಊದುತ್ತಲೇ ಇರುತ್ತಾರೆ; ಸೀಟಿ ಕೇಳಿ ತಿರುಗಿ ನೋಡುವವರು ನನ್ನ ಶಾಲೆಯ ಮಕ್ಕಳು ಮಾತ್ರ. ಸೀಟಿ ಬಿಟ್ಟೆ. ಬಾಯಿಬಿಟ್ಟು ಕೂಗಿದೆ. "ಅಮ್ಮಾ! ಯಾರಾದ್ರೂ ಬನ್ನಿ! ಕಾಲು ಸಿಕ್ಕಿದೆ! ಬನ್ರಮ್ಮಾ!" ಅಕ್ಕ ಕೂಗಬೇಡ ಎಂದಿದ್ದ ಮಾತುಗಳನ್ನೇ ಹೆಚ್ಚುಕಡಿಮೆ ಹಾಗೆಯೇ ಕೂಗಿದೆ. ಗಂಟಲು ಒಡೆಯಿತು. ಅಳುತ್ತಿದ್ದೆ.

ಮೊದಲು ಓಡಿ ಬಂದವಳು ಆ ಇಬ್ಬರಲ್ಲಿ ಕಿರಿಯಾಕೆ, ಸೊಸೆ. ಮೂವತ್ತರ ಆಸುಪಾಸು, ಲಂಗದ ಮೇಲೆ ಗಂಡನ ಹಳೆಯ ಷರಟು. ಅವಳ ಹಿಂದೆ ಆ ಹಿರಿಯಾಕೆ, ಅತ್ತೆ. ಅತ್ತೆ ಒಂದು ಕ್ಷಣ ನಿಂತು ನೋಡಿದಳು, ಬೈಗುಳ ಶುರುಮಾಡಿದಳು, ಬೈಯುತ್ತಲೇ ಕೆಲಸವನ್ನೂ ಶುರುಮಾಡಿದಳು.

"ಅಯ್ಯೋ ದೇವುಡಾ! ಸುಮ್ನೆ ನಿಂತಿದೀನಿ ಅಂದ್ಯಲ್ಲಮ್ಮಾ! ಹಿಂಗಾ ಸುಮ್ನೆ ನಿಲ್ಲೋದು?"

ಸೊಸೆ ನೀರಿಗಿಳಿದು ನನ್ನ ಕೈ ಹಿಡಿಯಲು ಹೊರಟಳು. ಅತ್ತೆ ಅವಳ ಷರಟು ಹಿಡಿದು ಹಿಂದಕ್ಕೆ ಎಳೆದಳು. "ನೀನೂ ಹೋಗಿ ನಿಂತ್ಕೋತೀಯೇನೇ? ಪೈಪು ತಗೊಂಬಾ!"

ಆ ಕಪ್ಪು ಡ್ರಿಪ್ ಪೈಪನ್ನು ನಾಲ್ಕು ಎಳೆ ಸೇರಿಸಿ ಹೊಸೆದರು. ಒಂದು ತುದಿಯನ್ನು ನನಗಿಂತ ಮೇಲೆ, ಹೊಳೆ ಬರುವ ಕಡೆ ಇದ್ದ ಹೊಂಗೆಮರಕ್ಕೆ ಸುತ್ತಿದರು. ಇನ್ನೊಂದು ತುದಿಗೆ ಕಟ್ಟಿಗೆಯ ತುಂಡು ಕಟ್ಟಿ ನೀರಿಗೆ ಬಿಟ್ಟರು. ಅದು ತೇಲುತ್ತಾ ನನ್ನ ಹತ್ತಿರ ಬಂತು. ಮೊದಲ ಸಲ ಕೈಗೆ ಸಿಗಲಿಲ್ಲ, ಎರಡನೇ ಸಲ ಸಿಕ್ಕಿತು. ಕಂಕುಳ ಕೆಳಗೆ ಸುತ್ತಿ ಗಂಟು ಹಾಕಿಕೊಂಡೆ. ನಾನು ಮುಂದಕ್ಕೆ, ದಡದ ಕಡೆಗೆ ಎಳೆಯಿರಿ ಎಂದು ಸನ್ನೆ ಮಾಡಿದೆ. ಅತ್ತೆ ಬೇಡವೆಂದು ತಲೆಯಾಡಿಸಿದಳು.

"ಹಸು ಕಾಲು ಕಲ್ಲುಸಂದೀಲಿ ಸಿಕ್ಕಿದ್ರೆ ಮುಂದಕ್ಕೆ ಎಳೀತಾರೇನಮ್ಮಾ? ಮುರಿದೋಗುತ್ತೆ. ಹೋದ ದಾರೀಲೇ ವಾಪಸ್ ಬರಬೇಕು. ಕಾಲು ಸಡ್ಲ ಬಿಡು. ನೀನು ಏನೂ ಮಾಡ್ಬೇಡ."

ಏನೂ ಮಾಡಬೇಡ ಎಂದು ಹೇಳುವವರನ್ನು ಕಂಡರೂ ನನಗೆ ಆಗುವುದಿಲ್ಲ. ಅವತ್ತು ಏನೂ ಮಾಡಲಿಲ್ಲ. ಕಾಲು ಸಡಿಲ ಬಿಟ್ಟೆ. ಇಬ್ಬರೂ ಮರಕ್ಕೆ ಕಾಲು ಕೊಟ್ಟು, "ಪಟ್ಟು! ವದಲೊದ್ದು!" ಎಂದು ಒಬ್ಬರಿಗೊಬ್ಬರು ತೆಲುಗಿನಲ್ಲಿ ಹಿಡಿ, ಬಿಡಬೇಡ ಎನ್ನುತ್ತಾ ನನ್ನನ್ನು ನೀರಿಗೆ ಎದುರಾಗಿ ಎಳೆದರು. ಪೈಪು ಹಿಗ್ಗಿ ಕಿರುಗುಟ್ಟಿತು. ಕಲ್ಲು ಶೂವನ್ನು ಇಟ್ಟುಕೊಂಡು ಪಾದವನ್ನು ಬಿಟ್ಟಿತು. ಆಮೇಲೆ ನಾನು ಎಮ್ಮೆಯ ಹಾಗೆಯೇ ಅಂಗಾತ ತೇಲಿಕೊಂಡು, ಪೈಪಿನ ತುದಿಯಲ್ಲಿ ಓಲಾಡಿಕೊಂಡು ದಡ ಸೇರಿದೆ.

ಕೆಸರಿನಲ್ಲಿ ಮಲಗಿದ್ದವಳ ತಲೆಯನ್ನು ಅತ್ತೆ ತೊಡೆಯ ಮೇಲೆ ಇಟ್ಟುಕೊಂಡು ಸೆರಗಿನಿಂದ ಒರೆಸಿದಳು. ಹೆಸರು ಕೇಳಲಿಲ್ಲ, ಜಾತಿ ಕೇಳಲಿಲ್ಲ. "ಊಟ ಮಾಡಿದೀಯಾ?" ಎಂದು ಕೇಳಿದಳು. ಬುತ್ತಿಯಲ್ಲಿ ಉಳಿದಿದ್ದ ಅರ್ಧ ಮುದ್ದೆ, ಉಪ್ಸಾರು ಕೊಟ್ಟಳು. ಸೊಸೆ ಹೋಗಿ ಕೆಳಗೆ ಜಾಲಿಪೊದೆಗೆ ಸಿಕ್ಕಿಕೊಂಡಿದ್ದ ದೋಣಿಯನ್ನು ಎಳೆದು ತಂದಳು. ಮುಳ್ಳು ಚುಚ್ಚಿ ಒಂದು ಕಡೆ ಗಾಳಿ ಹೋಗಿತ್ತು, ಚೀಲ ನೆಟ್ಟಗಿತ್ತು. ನಾನು ನಿಂತಿದ್ದ ಜಾಗವನ್ನು ತಿರುಗಿ ನೋಡಿದೆ. ಅಲ್ಲಿ ಬಂಡೆಯೇ ಕಾಣುತ್ತಿರಲಿಲ್ಲ.

ಅವರಿಗೆ ಥ್ಯಾಂಕ್ಸ್ ಹೇಳಿದೆ. ಅವರ ಮುಳುಗಿದ ತೋಟದ ಬಗ್ಗೆ ಕೇಳಿದೆ. ಅತ್ತೆ ಕೈ ಕೊಡವಿದಳು. "ಹೊಳೆ ಜಾಗ, ಹೊಳೆ ತಗೊಂತು. ಇಷ್ಟು ವರ್ಷ ಬಿಟ್ಟಿತ್ತಲ್ಲ, ಅದೇ ಹೆಚ್ಚು."

ಬಸ್ಸಿನಲ್ಲಿ ಕೋಲಾರಕ್ಕೆ, ಅಲ್ಲಿಂದ ಶ್ರೀನಿವಾಸಪುರಕ್ಕೆ. ಕಾಲು ಕುಂಬಳಕಾಯಿಯಾಗಿತ್ತು. ದಾರಿಯುದ್ದಕ್ಕೂ ಒಂದೇ ಯೋಚನೆ. ಕೆರೆಕಟ್ಟೆ ಮೇಲೆ ಜಾರಿ ಬಿದ್ದೆ ಅಂದರೆ ಮುಗಿಯಿತು. ಆ ಇಬ್ಬರು ಹೆಂಗಸರು ಶ್ರೀನಿವಾಸಪುರಕ್ಕೆ ಬಂದು ಸಾಕ್ಷಿ ಹೇಳುವುದಿಲ್ಲ. ಒಬ್ಬಳೇ ಹೋದೆ, ಒಬ್ಬಳೇ ಬಸ್ಸು ಹತ್ತಿ ಬಂದೆ. ದೋಣಿಗೆ ತೇಪೆ ಹಾಕಿದರೆ ಆಯಿತು. ಊರು ಹತ್ತಿರ ಬರುವಷ್ಟರಲ್ಲಿ ಸುಳ್ಳನ್ನು ಎರಡು ಮೂರು ರೀತಿಯಲ್ಲಿ ಬಾಯಿಪಾಠ ಮಾಡಿದ್ದೆ.

ಅಕ್ಕ ಹುಳುಮನೆಯಲ್ಲೇ ಇದ್ದಳು. ತಟ್ಟೆಗಳ ತುಂಬ ಹುಳು ಸೊಪ್ಪು ತಿನ್ನುವ ಸದ್ದು, ಹೊರಗೆ ಮಳೆ ಬರುತ್ತಿದೆಯೇನೋ ಅನ್ನಿಸುವಷ್ಟು. ನಾನು ಬಾಗಿಲ ಹೊರಗೆ ಒಂದು ಕಾಲಿನ ಮೇಲೆ ನಿಂತೆ. ಅವಳು ನನ್ನ ಕಾಲು ನೋಡಿದಳು, ಮುಖ ನೋಡಿದಳು.

"ಏನಾಯ್ತೇ?"

ಬಾಯಿಪಾಠ ಮಾಡಿದ್ದು ಒಂದೂ ಬರಲಿಲ್ಲ. "ಕೂಗಿದೆ ಕಣಕ್ಕಾ" ಅಂದೆ. "ಕಲ್ಲುಸಂದೀಲಿ ಕಾಲು ಸಿಕ್ಕಾಕ್ಕೊಳ್ತು. ನೀರು ಏರ್ತಾ ಇತ್ತು. ಕೂಗಿದೆ, ಇಬ್ರು ಬಂದು ಎಳ್ಕೊಂಡ್ರು. ನೀನು ಗೆದ್ದೆ. ದೋಣಿ ಯಾರಿಗಾದ್ರೂ ಕೊಟ್ಬಿಡು."

ಅವಳು ಗೆದ್ದವಳ ಹಾಗೆ ಕಾಣಲಿಲ್ಲ. ಕೈಯಲ್ಲಿದ್ದ ಸೊಪ್ಪನ್ನು ತಟ್ಟೆಗೆ ಹಾಕುವುದನ್ನೂ ಮರೆತು ನಿಂತಿದ್ದಳು.

"ಸಿಕ್ಕಾಕ್ಕೊಂಡಾಗ ನೀರು ಎಷ್ಟಿತ್ತು?"

"ಮೊಣಕಾಲುದ್ದ."

"ಆಗ ಅಲ್ಲಿ ಯಾರಾದ್ರೂ ಇದ್ರಾ?"

"ಅವ್ರೇ ಇದ್ರು. ಏನಾದ್ರೂ ಬೇಕಾ ಅಂತ ಕೇಳಿದ್ರು. ಬೇಡ ಅಂದೆ."

"ಕೂಗಿದಾಗ ಎಷ್ಟಿತ್ತು?"

ನಾನು ಕೈಯಿಂದ ತೋರಿಸಿದೆ, ಸೊಂಟಕ್ಕಿಂತ ಮೇಲೆ. ಅಕ್ಕ ನನ್ನ ಕೈ ನಿಂತ ಜಾಗವನ್ನೇ ನೋಡಿದಳು. ಮೊಣಕಾಲಿನಿಂದ ಅಲ್ಲಿಯವರೆಗೆ ಕಣ್ಣಲ್ಲೇ ಅಳೆದಳು. ಆ ಎತ್ತರ ಪೂರ್ತಿ ಅವಳ ಒಂದು ಮಾತಿನದು ಎಂದು ನನಗಿಂತ ಮೊದಲು ಅವಳಿಗೆ ತಿಳಿಯಿತು.

ಸೊಪ್ಪು ಬಿಸಾಡಿ ಹೊರಗೆ ಬಂದಳು. ನನ್ನನ್ನು ಹುಟ್ಟಿದ ದಿನದಿಂದ ಎತ್ತಿ ಆಡಿಸಿದವಳು, ಒಂದು ದಿನವೂ ಕೈ ಮಾಡದವಳು, ಬೆನ್ನಿಗೆ ಬಲವಾಗಿ ಗುದ್ದಿದಳು. ಇನ್ನೊಂದು ಗುದ್ದಿದಳು. ಆಮೇಲೆ ಅಲ್ಲೇ ಹೊಸಲಿನ ಮೇಲೆ ಕುಸಿದು ಕೂತು, ಊದಿದ ನನ್ನ ಕಾಲನ್ನು ಕೆಸರು ಸಮೇತ ತನ್ನ ಮಡಿಲಿಗೆ ಎಳೆದುಕೊಂಡು, ಜೋರಾಗಿ ಅತ್ತಳು.

"ನಾನು ಏನಾದ್ರೂ ಅಂತೀನಿ ಕಣೇ, ಬಾಯಿಗೆ ಬಂದಿದ್ದು ಅಂತೀನಿ" ಅಂದಳು. "ನೀನು ಕೂಗಬೇಕು. ಕೇಳಿಸ್ತಾ? ಮೊಣಕಾಲಲ್ಲೇ ಕೂಗಬೇಕು."